ಶೇಂಗಾ ತುಂಬಿ ಬಂದ ಡಬ್ಬಿ

ಇಳಕಲ್ಲಿನ್ಯಾಗ ನನ್ನ ಔಷಧ ಅಂಗಡಿ ಎದುರಿಗೆ ಈಗ ಮೊಬೈಲ್ ಕವರ್ ಮಾರತಾರ. ಬಣ್ಣಬಣ್ಣದ ಲೈಟು, ಮುಂಜಾನಿಂದ ಸಂಜಿತನಕಾ ಅದ ಹಾಡು. ಹ್ವಾದ ವರ್ಷದ ತನಕಾ ಅಲ್ಲಿ ಒಂದು ಲೇತ್ ಮಷಿನ್ ಇತ್ತು, ವೆಲ್ಡಿಂಗಿನ ಕಿಡಿ ಇತ್ತು, ಸುಟ್ಟ ಕಬ್ಬಿಣದ ವಾಸನಿ ಇತ್ತು, ಇವೆಲ್ಲದರ ನಡುವ ಒಬ್ಬ ಮಿಸ್ತ್ರಿ ಇದ್ದ. ಊರಿಗೆಲ್ಲಾ ಅಂವ ಬರೇ ಮಿಸ್ತ್ರಿ. ನಾನೂ ಇಲ್ಲಿ ಅವನ ಹೆಸರು ಬರಿಯೂದಿಲ್ಲ. ಅವನ ಮನಿಯವರು ಇನ್ನೂ ಇದ ಓಣ್ಯಾಗ ಅದಾರ, ನಾ ಹೇಳೂ ಮಾತು ಅವರಿಗೆ ಗೊತ್ತಿಲ್ಲ.

ಸತ್ತವರ ಬಗ್ಗೆ ಬರಿಯೂ ಮುಂದ ಮಂದಿ ಭಾಳ ಸಕ್ಕರಿ ಸುರೀತಾರ. ನಗಮುಖ, ದೊಡ್ಡ ಮನಸು, ಯಾರಿಗೂ ಎದುರಾಡಿದವರಲ್ಲ, ಇಂಥಾವು. ಮಿಸ್ತ್ರಿ ಹಂಗೇನೂ ಇರಲಿಲ್ಲ. ಗಿಡ್ಡ ಆಳು, ದಪ್ಪ ಕುತ್ತಿಗಿ, ಹಣಿಮ್ಯಾಲೆ ಬೀರಪ್ಪನ ಭಂಡಾರ, ಕಿವಿಮ್ಯಾಲೆ ಒಂದು ತುಂಡು ಪೆನ್ಸಿಲ್. ನಗೂದು ಕಡಿಮಿ, ಬೈಯೂದು ಹೆಚ್ಚು. ಕೈಯಾಗ ಏನ ಬಂದ್ರೂ ಮೊದಲ ಅದರ ಅಂಚಿನ ಮ್ಯಾಲೆ ಹೆಬ್ಬಟ್ಟು ಆಡಸಾಂವ. ಚಾ ಕೊಟ್ರ ಗ್ಲಾಸಿನ ಅಂಚು, ಗುಳಗಿ ಕೊಟ್ರ ಗುಳಗಿ ಪಟ್ಟಿ ಅಂಚು. ನನ್ನ ಮಗಳ ಲಗ್ನಪತ್ರಿಕಾ ಕೊಟ್ಟಾಗ ಓದೂಕ್ಕಿಂತ ಮೊದಲ ಅದರ ಅಂಚು ಸವರಿ, "ಕಟಿಂಗ್ ನೆಟ್ಟಗಿಲ್ಲಲೇ ಡಾಕ್ಟರಾ" ಅಂದಿದ್ದ. ನಾ ಡಾಕ್ಟರ್ ಅಲ್ಲ, ಗುಳಗಿ ಮಾರಾಂವ. ಅಂವ ಚಾಷ್ಟಿಗೆ ಹಂಗ ಕರಿಯಾಂವ, ಮುಂದ ಮಂದಿನೂ ಹಂಗ ಕರಿಯಾಕ ಹತ್ತಿದ್ರು. ಖರೆ ಹೇಳಬೇಕಂದ್ರ ನನಗ ಅದು ಸೇರತಿತ್ತು.

ಲೇತಿಗೆ ಬರೂಕ್ಕಿಂತ ಮೊದಲ ಅಂವ ಕಲ್ಲಿನ ಕೆಲಸದಾಂವ. ನಮ್ಮೂರ ಕೆಂಪು ಗ್ರಾನೈಟು ಪಾಲಿಶ್ ಹೊಡದ್ರ ಮುಖಾ ಕಾಣತೈತಿ, ಎಲ್ಲೆಲ್ಲಿಗೋ ಹೋಗತೈತಿ. ಅದು ಹಂಗ ಹೊಳಿಯೂಕ್ಕಿಂತ ಮೊದಲ ಊರ ಹೊರಗಿನ ಶೆಡ್ಡಿನ್ಯಾಗ ಯಾವನೋ ಒಬ್ಬ ಕುಕ್ಕರಗಾಲಿಲೆ ಕುಂತು ಕರೆಂಟಿನ ಕೈ ಕಟರಿನಿಂದ ಅದನ್ನ ಕೊರದಿರತಾನ. ಒಣಾ ಕಲ್ಲು, ಒಣಾ ಬ್ಲೇಡು. ಸಂಜಿಕ ಮನಿಗೆ ಹೊಂಟಾಗ ಅವರ ರೆಪ್ಪಿ, ಮೀಸಿ, ಕಿವಿ ಎಲ್ಲಾ ಬೆಳ್ಳಗ, ಹಿಟ್ಟಿನ ಗಿರಣ್ಯಾಗಿಂದ ಎದ್ದು ಬಂದವರಂಗ. ಮುಖದ ಮ್ಯಾಲಿಂದು ತೊಳಕೊಂಡ್ರ ಹೋಗತೈತಿ, ಎದಿಯೊಳಗ ಹ್ವಾದದ್ದು ಹೋಗೂದಿಲ್ಲ. ಮಿಸ್ತ್ರಿಗೆ ಅದು ಬ್ಯಾಗ ತಿಳೀತು. ನಾಕು ಮೆಟ್ಟಲಾ ಹತ್ತಿದ್ರ ದಮ್ಮು ಬರಾಕ ಹತ್ತಿದ ಮ್ಯಾಲೆ ಕಟರ್ ಬಿಟ್ಟು ಲೇತ್ ಹಿಡದ. ಅವನ ಅಕ್ಕನ ಗಂಡ ಬಿಡಲಿಲ್ಲ, ಕೆಮ್ಮಿ ಕೆಮ್ಮಿ ಸತ್ತ. ಅಕ್ಕನ ಮಗ ಹಣಮಂತ ಅಪ್ಪನ ದಿನಾ ಮುಗಿಸಿ ಅಪ್ಪನ ಕಟರ್ ತಗೊಂಡು ಅದ ಶೆಡ್ಡಿಗೆ ಹ್ವಾದ. ಆವಾಗ ಅಂವ ಎರಡು ಮಕ್ಕಳ ತಂದಿ.

ಮಿಸ್ತ್ರಿ ಅಳಿಯನ್ನ ಲೇತಿಗೆ ಕರದ. ಅಂವ ಬಂದು ಹದಿನೈದು ದಿನಾ ನಿಂತು ತಿರುಗಿ ಕಲ್ಲಿಗೆ ಹ್ವಾದ. "ಮಾಮಾ, ಕಬ್ಬಿಣ ನನಗ ತಿಳಿಯೂದಿಲ್ಲ. ಕಲ್ಲು ಕೈಯಾಗ ಮಾತಾಡತೈತಿ" ಅಂದನಂತ. ಮಿಸ್ತ್ರಿ ನನ್ನ ಮುಂದ ಬಂದು ಉರದು ಬಿದ್ದ.

"ಮಾತಾಡತೈತಂತ. ಅವರಪ್ಪನ ಜೋಡಿನೂ ಭಾಳ ಮಾತಾಡತಿತ್ತು."

ಅವತ್ತಿಂದ ಅವನ ತಲ್ಯಾಗ ಒಂದ ಮಾತು. ಹಣಮ್ಯಾ ಕಲ್ಲು ಬಿಡೂದಿಲ್ಲ ಅಂದ್ರ ಧೂಳರ ಬಿಡಬೇಕು.

ಹೊಸಾದು ಏನರ ಮಾಡೂದಿದ್ರ ಮಿಸ್ತ್ರಿದೊಂದು ಪದ್ಧತಿ ಇತ್ತು. ನಮ್ಮ ಹಿಂದಿನ ಓಣ್ಯಾಗ ಗಂಗಕ್ಕ ಅಂತ ಒಬ್ಬಾಕಿ ಕುಣಿಮಗ್ಗದಾಗ ಕಾಲು ಇಳಿಬಿಟ್ಟುಕೊಂಡು ಸೀರಿ ನೇಯತಾಳ. ಬೆನ್ನು ನೋವಿಗೆ ವಾರಕ್ಕೊಂದು ಮುಲಾಮು ನನ್ನ ಕಡೆ ಒಯ್ಯಾಕಿ. ಮಿಸ್ತ್ರಿ ಒಂದು ಮುರದ ಕುರ್ಚಿ ಬೆನ್ನು ಕಿತ್ತು, ಗೋಣಿತಟ್ಟು ಸುತ್ತಿ, ಆಕಿ ಕುಂದರೂ ಹಲಗಿಗೆ ಬಡದು ಕೊಟ್ಟ. ನೋಡಾಕ ಅಸಂಯ್ಯ. ಎಂಟನೆ ದಿನಾ ಹೋಗಿ, "ಗಂಗಕ್ಕ, ಅದನ್ನ ಒಯ್ಯಾಕ ಬಂದೇನಿ" ಅಂದ. ಆಕಿ ಮಗ್ಗ ಬಿಟ್ಟು ಏಳಲಿಲ್ಲ. "ಒಯ್ಯೂದಿದ್ರ ನನ್ನ ಬೆನ್ನೂ ಕಿತಗೊಂಡು ಒಯ್ಯೋ ಯಪ್ಪಾ" ಅಂದ್ಲು. ಮಿಸ್ತ್ರಿ ಅವತ್ತು ನಕ್ಕಿದ್ದ. ಆಮ್ಯಾಲೆ ಸಾಗವಾನಿ ಕಟಗಿದು ಛಲೋದೊಂದು ಮಾಡಿ ಕೊಟ್ಟ, ಓಣಿ ತುಂಬ ಮಗ್ಗದವರಿಗೆಲ್ಲಾ ಅಂಥಾವ ಮಾಡಿದ.

"ಛಲೋದನ್ನ ಮೊದಲ ಮಾಡಿ ಕೊಡಬೇಕಿಲ್ಲ?" ಅಂತ ನಾ ಕೇಳಿದೆ.

"ಛಂದ ಮಾಡಿ ಕೊಟ್ರ ಛಂದ ಐತಂತ ಇಟ್ಕೋತಾರ. ಹೊಲಸಿದ್ದದ್ದನ್ನೂ ಬಿಡಲಿಲ್ಲ ಅಂದ್ರ ಬೇಕಾಗೇತಿ ಅಂತ ಲೆಕ್ಕ. ನಮ್ಮ ಮಂದಿ ಬಾಯಿ ನಂಬಬ್ಯಾಡ ಡಾಕ್ಟರಾ, ಬಾಯಿಲೆ ಯಾರೂ ಬ್ಯಾಡ ಅನ್ನೂದಿಲ್ಲ. ತಿರುಗಿ ಕೇಳಿ ನೋಡು, ಕೈ ಹೇಳತೈತಿ."

ಇದು ಖರೆ. ನಮ್ಮ ಕಡೆ ಮಾರಿಮ್ಯಾಲೆ ಇಲ್ಲ ಅನ್ನೂ ರೂಢಿ ಇಲ್ಲ. "ಆತೇಳ್ರಿ, ನಾಳೆ ಬರ್ರಿ" ಅಂತೇವಿ. ಆ ನಾಳೆ ಯಾವತ್ತೂ ಬರೂದಿಲ್ಲ ಅಂತ ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ನಾನೂ ಗಿರಾಕಿಗೆ ಇಲ್ಲದ ಔಷಧಕ್ಕ ಹಂಗ ಹೇಳತೇನಿ.

ಹಣಮಂತನ ಸಲುವಾಗಿ ಮಿಸ್ತ್ರಿ ಮಾಡಿದ್ದು ಭಾಳ ಸರಳ. ಖಾಲಿ ಎಣ್ಣಿ ಡಬ್ಬಿ, ಅದರ ತಳಕ್ಕ ತೂತು, ತೂತಿಗೆ ಒಂದು ಪೈಪು. ಡಬ್ಬಿ ತುಂಬ ನೀರು ಹಾಕಿ ತಲಿಮ್ಯಾಲಿನ ಕೊಂಡಿಗೆ ತೂಗ ಹಾಕೂದು, ಪೈಪಿನ ತುದಿ ಕಟರಿಗೆ ಕಟ್ಟೂದು. ಬ್ಲೇಡು ಕಲ್ಲಿಗೆ ತಾಗೂವಲ್ಲಿ ಹನಿ ಬಿದ್ರ ಧೂಳು ಏಳೂದಿಲ್ಲ, ಕೆಸರಾಗಿ ಅಲ್ಲೇ ಕುಂದರತೈತಿ. ಆದ್ರ ನೀರು ಹೆಚ್ಚು ಬಿದ್ರ ಕಲ್ಲಿನ ಮ್ಯಾಲಿನ ಗೆರಿ ಕಾಣೂದಿಲ್ಲ, ಕರೆಂಟಿನ ಭಯಾನೂ ಐತಿ. ಕಡಿಮಿ ಬಿದ್ರ ಧೂಳು ಏಳತೈತಿ. ಎರಡು ದಿನಾ ನಳ ಬದಲ ಮಾಡಿ, ಬತ್ತಿ ಹಾಕಿ, ಏನೇನೋ ಮಾಡಿ ಸೋತು ನನ್ನ ಅಂಗಡಿಗೆ ಬಂದು ಯಾರ್ಯಾರನ್ನೋ ಬೈಕೋತ ಕುಂತ. ನನ್ನ ಕಣ್ಣು ಹಿಂದಿನ ಕಪಾಟಿನ ಮ್ಯಾಲೆ ಬಿತ್ತು. ಸಲಾಯಿನ್ ಹಚ್ಚೂ ಪೈಪು.

"ಇದನ್ನ ನೋಡಲೇ. ಈ ಸಣ್ಣ ಗಾಲಿ ತಿರುಗಿಸಿದ್ರ ಹನಿ ಎಷ್ಟು ಬೇಕೋ ಅಷ್ಟ" ಅಂದೆ.

ಅಂವ ಪೈಪು ಇಸಕೊಂಡು ಗಾಲಿ ಮ್ಯಾಲೆ ಹೆಬ್ಬಟ್ಟು ಇಟ್ಟ. ಮ್ಯಾಲೆ ಕೆಳಗ, ಮ್ಯಾಲೆ ಕೆಳಗ, ಭಾಳ ಹೊತ್ತು ಆಡಿಸಿದ. "ಡಾಕ್ಟರಾ, ಜಲಮದಾಗ ಒಂದು ಉಪಯೋಗದ ಮಾತಾಡಿದಿ" ಅಂದ. ಅವನ ಬಾಯಿಂದ ಇಷ್ಟು ಬಂದದ್ದ ಹೆಚ್ಚು. ನಾ ಹಿಗ್ಗಿ ಹೀರಿಕಾಯಿ ಆದೆ. ಚಾದಂಗಡ್ಯಾಗ, ಬಸ್ ಸ್ಟ್ಯಾಂಡಿನ್ಯಾಗ, ಸಿಕ್ಕವರ ಮುಂದೆಲ್ಲಾ ಹೇಳಿದೆ. ಡಬ್ಬಿ ಮಿಸ್ತ್ರಿದು, ಆದ್ರ ತಲಿ ನಂದು ಅಂತ.

ಮಂದಿ ಕೈಗೆ ಕೊಡೂಕ್ಕಿಂತ ಮೊದಲ ಅಂವ ತಾನ ನಾಕು ದಿನಾ ಕಲ್ಲು ಕೊರದು ನೋಡಿದ. ಕಟರಿಗೆ ಸೈಕಲ್ ಟ್ಯೂಬು ಸುತ್ತಿ, ಕಾಲಾಗ ರಬ್ಬರ್ ಚಪ್ಪಲ್ಲು. "ಕರೆಂಟ್ ಹೊಡದ್ರ ಮೊದಲ ನನಗ ಹೊಡೀಲಿ" ಅಂದ. ನನ್ನ ಕೈಯಾಗ ಒಂದು ಒಣಾ ಬಿದಿರು ಕೊಟ್ಟು, ಕರೆಂಟ್ ಹಿಡದು ನಡುಗಾಕ ಹತ್ತಿದ್ರ ಹೊಡದು ಬೀಳಸು ಅಂತ ನಿಲ್ಲಿಸಿದ್ದ. ನಾಕೂ ದಿನಾ ನಾ ಹಂಗ ನಿಂತೆ, ಏನೂ ಆಗಲಿಲ್ಲ. ಕೊರದ ಕಡೆ ಕೆಂಪು ರಾಡಿ ಅಷ್ಟ ಇತ್ತು. ಮಿಸ್ತ್ರಿ ಅದರಾಗ ಹೆಬ್ಬಟ್ಟು ಅದ್ದಿ ನನ್ನ ಮುಂದ ಹಿಡದ. "ನೋಡು, ಇದೆಲ್ಲಾ ನಮ್ಮ ಎದಿಯಾಗ ಹೋಗತಿತ್ತು" ಅಂದ. ಅವನ ಕಣ್ಣಾಗ ನೀರು ಬಂದಿತ್ತು, ನಾ ನೋಡಲಾರದವರಂಗ ಮಾಡಿದೆ.

ಐದು ಡಬ್ಬಿ ಮಾಡಿದ. ಹಣಮಂತಗೊಂದು, ಅವನ ಶೆಡ್ಡಿನ ನಾಕು ಮಂದಿಗೆ ನಾಕು. ಐದಕ್ಕೂ ಸಲಾಯಿನ್ ಪೈಪು, ಅಂಗಡ್ಯಾಗಿನವು, ನಾನ ಕೊಟ್ಟೆ. "ಎಂಟು ದಿನಕ್ಕ ತಿರುಗಿ ಕೇಳತೇನಿ. ಬಿಡಲಿಲ್ಲ ಅಂದ್ರ ಹಿತ್ತಾಳಿದು ಮಾಡತೇನಿ, ಕಟರಿಗೇ ಕೂಡಸತೇನಿ, ಹುನಗುಂದದ ತನಕಾ ಎಲ್ಲಾ ಶೆಡ್ಡಿಗೂ ಮುಟ್ಟಿಸತೇನಿ" ಅಂದ. ಹಿತ್ತಾಳಿ ತಂದು ಇಟ್ಟೂ ಇದ್ದ.

ಐದನೆ ದಿನಾ ಮಧ್ಯಾಹ್ನ ಹಣಮಂತ ನನ್ನ ಅಂಗಡಿಗೆ ಬಂದ. ಕೆಮ್ಮಿನ ಔಷಧ ಇಸಕೊಂಡ, ಆದ್ರೂ ಹೋಗಲಿಲ್ಲ. ಕಾಲಿಲೆ ಕಟ್ಟಿ ಕೆರಕೋತ ನಿಂತ.

"ಕಾಕಾ, ಮಾಮಾಗ ನೀವೊಂದು ಮಾತು ಹೇಳ್ರಿ."

"ಏನೋ?"

"ಡಬ್ಬಿ ಭಾಳ ಛಲೋ ಐತ್ರಿ. ಪೈಪು ಒಂದು ಬದಲ ಮಾಡಂತ ಹೇಳ್ರಿ. ಅದು ಸಲಾಯಿನ್ ಪೈಪ್ರಿ."

"ಸಲಾಯಿನ್ ಪೈಪಿದ್ರ ಏನಾತೋ?"

ಅಂವ ಕೆಳಗ ನೋಡಕೋತ ಹೇಳಿದ. "ನಮ್ಮಪ್ಪಗ ಕಡೀಕ ಅದನ್ನ ಹಚ್ಚಿದ್ರಿ. ಅಂವ ಕಣ್ಣು ಮುಚ್ಚಿದ ಮ್ಯಾಲೂ ಅದರಾಗ ಹನಿ ಬೀಳಾಕತ್ತಿದ್ವು. ಶೆಡ್ಡಿನ್ಯಾಗ ಎಲ್ಲಾರ ಮನ್ಯಾಗೂ ಒಬ್ಬರು ಹಂಗ ಹೋಗ್ಯಾರ್ರಿ. ತಲಿಮ್ಯಾಲೆ ಅದು ತೂಗಾಕತ್ತಿದ್ರ ಕೈ ನಡಗತಾವ್ರಿ. ಯಾರೂ ಹಚ್ಚಿಕೊಂಡಿಲ್ಲ. ಮಾಮಾನ ಮುಂದ ಹೆಂಗ ಹೇಳೂದ್ರಿ, ಅಷ್ಟು ಜೀವ ತಿಂದು ಮಾಡ್ಯಾನ. ಬ್ಯಾರೆ ಪೈಪು ಹಾಕಿದ್ರ ಎಲ್ಲಾರೂ ಹಚ್ಚಿಕೋತೇವ್ರಿ."

ನನಗ ಸಿಟ್ಟು ಬಂತು. ಯಾಕಂದ್ರ ಪೈಪು ನಂದು. ಅವನ ಅಪ್ಪನ ಸಾವು ನನ್ನ ಕಿವಿಗೆ ಬೀಳಲಿಲ್ಲ, ನನ್ನ ತಲಿಗೆ ಹೆಸರು ಇಟ್ಟದ್ದು ಅಷ್ಟ ಬಿತ್ತು. "ಶಾಣ್ಯಾ ಆಗಬ್ಯಾಡ. ಅದು ಮಂದಿನ್ನ ಬದುಕಸೂ ಪೈಪು. ಮೂಢರಂಗ ಮಾತಾಡತೀರಿ" ಅಂತ ಬೈದೆ. ಅಂವ ಮತ್ತ "ಹೇಳ್ರಿ ಕಾಕಾ" ಅಂದ. "ಆತು, ನಾಳೆ ಹೇಳತೇನಿ" ಅಂದೆ.

ಹೇಳಲಿಲ್ಲ. ಮಿಸ್ತ್ರಿ ಎದುರಿಗೇ ಇದ್ದ, ನಡುವ ಒಂದು ರಸ್ತೆ. ಮೂರು ದಿನಾ ಇತ್ತು. ಈಗ ಹೇಳೂಣು ಅಂತ ಒಮ್ಮೆ ರಸ್ತೆ ದಾಟಿದೆ, ಅಂವ ನನ್ನ ನೋಡಿ "ಬಾರಪಾ ಪೈಪಿನ ಶಾಸ್ತ್ರಿ" ಅಂದ, ಅಲ್ಲಿ ಕುಂತವರೆಲ್ಲಾ ನಕ್ಕು ನನ್ನ ಹೊಗಳಿದ್ರು. ಚಾ ಕುಡದು ತಿರುಗಿ ಬಂದೆ.

ಎಂಟನೆ ದಿನಾ ಸಂಜಿಕ ಮಿಸ್ತ್ರಿ ಸೈಕಲ್ಲಿಗೆ ಐದೂ ಡಬ್ಬಿ ಕಟಗೊಂಡು ಬಂದ. ಒಂದೊಂದ ಬಿಚ್ಚಿ ನನ್ನ ಕೌಂಟರಿನ ಮ್ಯಾಲೆ ಸಾಲಾಗಿ ಇಟ್ಟ. ನಮ್ಮ ಕಡೆ ಮಂದಿದು ತಂದ ಭಾಂಡೆ ಖಾಲಿ ತಿರುಗಿಸೂದಿಲ್ಲ, ಒಂದು ಹಿಡಿ ಏನರ ಹಾಕಿ ಕೊಡತಾರ. ಅವರೂ ಹಂಗ ಮಾಡಿದ್ರು. ಒಂದರಾಗ ಬೆಲ್ಲ, ಒಂದರಾಗ ಸಜ್ಜಿ, ಒಂದರಾಗ ಹೆಸರಕಾಳು, ಒಂದರಾಗ ಎಳ್ಳು. ಹಣಮಂತನ ಡಬ್ಬಿ ತುಂಬ ಶೇಂಗಾ, ಅವನ ಹೆಂಡತಿ ಹುರದು ತುಂಬಿದ್ಲು. ತಳದ ತೂತಿಗೆ ಅರಿವಿ ತುರುಕಿ, ಪೈಪುಗಳನ್ನ ನೀಟಾಗಿ ಸುತ್ತಿ ಮ್ಯಾಲೆ ಇಟ್ಟಿದ್ರು.

"ಭಾಳ ಛಲೋ ಐತಿ ಅಂದ್ರು ಎಲ್ಲಾರೂ" ಅಂದ ಮಿಸ್ತ್ರಿ. ಶೇಂಗಾ ಸರಿಸಿ ಡಬ್ಬಿ ಒಳಗ ಹೆಬ್ಬಟ್ಟು ಆಡಿಸಿದ. "ತಳಾ ನೋಡು. ನೀರಿನ ಗೆರಿ ಇಲ್ಲ, ತುಕ್ಕು ಇಲ್ಲ. ಒಂದು ದಿನಾನೂ ನೀರು ಹಾಕಿಲ್ಲ."

ಆವಾಗ ಹೇಳಬೇಕಿತ್ತು. ಬಾಯಿ ತನಕಾ ಬಂದಿತ್ತು. ನಾ ಏನಂದೆ ಗೊತ್ತೇನು? "ನಮ್ಮ ಮಂದಿಗೆ ಯಾವಾಗ ಬುದ್ಧಿ ಬರತೈತೋ" ಅಂದೆ. ಆಮ್ಯಾಲೆ ಇಬ್ಬರೂ ಕೌಂಟರಿನ ಮುಂದ ಕುಂತು ಆ ಶೇಂಗಾ ತಿಂದ್ವಿ. ಛಲೋ ಹುರದಿದ್ಲು.

"ಇನ್ನೊಮ್ಮೆ ಹೋಗಿ ಕೇಳೋ" ಅಂದೆ ಕಡೀಕ, ಮನಸು ತಡಿಯಲಾರದ.

"ಕೈ ಹೇಳಿತಲ್ಲ. ಬ್ಯಾಡಾದದ್ದನ್ನ ಹೇರಬಾರದು" ಅಂದ. ಹಿತ್ತಾಳಿ ಒಂದು ಗಿರಣಿಯವರ ಪಂಪಿಗೆ ಹೋತು. ನಾಕು ಡಬ್ಬಿ ಗ್ರೀಸು ಹಾಕಿಡಾಕ ಆದ್ವು. ಹಣಮಂತನ ಡಬ್ಬಿ ಮಾತ್ರ ಪೈಪಿನ ಸುದ್ದಾ ಗ್ವಾಡಿಗೆ ಮೊಳಿ ಹೊಡದು ತೂಗ ಹಾಕಿದ.

ಹಣಮಂತ ಆಮ್ಯಾಲೂ ನನ್ನ ಅಂಗಡಿಗೆ ಬರತಿದ್ದ. ಹೇಳಿದ್ರೇನ್ರಿ ಅಂತ ಒಮ್ಮೆನೂ ಕೇಳಲಿಲ್ಲ. ಮಾಮಾಗ ಗೊತ್ತಾಗಿ ಸಿಟ್ಟಾಗ್ಯಾನ, ಅದಕ್ಕ ತಿರುಗಿ ಮಾಡಿ ಕೊಟ್ಟಿಲ್ಲ ಅಂತ ಅಂವ ತಿಳಕೊಂಡಿದ್ದ. ಅತ್ಲಾಗ ಮಿಸ್ತ್ರಿ, ಅಳಿಯಾಗ ಬ್ಯಾಡಾಗೇತಿ ಅಂತ ತಿಳಕೊಂಡಿದ್ದ. ಇಬ್ಬರೂ ಹಬ್ಬಕ್ಕ ಕೂಡಿ ಉಂಡ್ರು, ಡಬ್ಬಿ ಮಾತು ಮಾತ್ರ ಯಾರೂ ತಗೀಲಿಲ್ಲ. ನಾ ನಡುವ ಕುಂತು ಔಷಧ ಮಾರಿದೆ. ಮೊದಲ ಕೆಮ್ಮಿನ ಬಾಟಲಿ, ಆಮ್ಯಾಲೆ ಗುಳಗಿ, ಆಮ್ಯಾಲೆ ದಮ್ಮಿಗೆ ಎಳಕೊಳ್ಳೂ ಪಂಪು. ಮೂರು ವರ್ಷದಾಗ ಹಣಮಂತ ತನ್ನ ಅಂಗಿಯೊಳಗ ತಾನ ಸಣ್ಣಾಗಿ ಹ್ವಾದ. ಎದಿ ಫೋಟೊ ನೋಡಿದ ಡಾಕ್ಟರು, ಕಲ್ಲಿನ ಧೂಳು ಪುಪ್ಪುಸದಾಗ ಕುಂತೈತಿ, ತಗಿಯಾಕ ಬರೂದಿಲ್ಲ ಅಂದ್ರು. ಕಡೀಕ ಅವನಿಗೂ ಅದ ಪೈಪು ಹಚ್ಚಿದ್ರು. ಅದು ನನ್ನ ಅಂಗಡಿಯಿಂದ ಹೋಗಿತ್ತು.

ಅವನ್ನ ಮಣ್ಣು ಮಾಡಿ ಬಂದ ಮ್ಯಾಲೆ ಮಿಸ್ತ್ರಿ ನನ್ನ ಕಟ್ಟಿಮ್ಯಾಲೆ ಕುಂತ. "ಎದುರಿಗೆ ತಂದು ಇಟ್ರೂ ಅವನಿಗೆ ಬ್ಯಾಡಾತು ನೋಡು" ಅಂದ. ಒಂದು ಸಲ ಅಲ್ಲ, ಮುಂದ ಎಷ್ಟೋ ವರ್ಷ ಅದನ್ನ ಅಂದ. ಪ್ರತಿ ಸಲ ನಾ ಹೂಂ ಅಂದೆ.

ಮಿಸ್ತ್ರಿ ಎದಿಯಾಗಿದ್ದ ಹಳೆ ಧೂಳು ಹ್ವಾದ ವರ್ಷ ಅವನ್ನ ಕೆಡವಿತು. ಬಾಗಲಕೋಟಿ ದವಾಖಾನ್ಯಾಗ ಇಟ್ಟಿದ್ರು. ನಾ ಹ್ವಾದಾಗ ಮಧ್ಯಾಹ್ನ, ಅವನ ಹೆಂಡತಿ ಉಣ್ಣಾಕ ಹೋಗಿದ್ಲು. ಮೂಗಿಗೆ ಗಾಳಿ, ಕೈಗೆ ಸಲಾಯಿನ್. ಅಂವ ಪೈಪಿನ ಗಾಲಿ ಮ್ಯಾಲೆ ಹೆಬ್ಬಟ್ಟು ಇಟಗೊಂಡು ಮಲಗಿದ್ದ. ನರ್ಸಬಾಯಿ ಎರಡು ಸಲ ಬೈದಿದ್ಲಂತ.

"ಡಾಕ್ಟರಾ, ಹಣಮ್ಯಾ ಯಾಕ ಹಚ್ಚಿಕೊಳ್ಳಲಿಲ್ಲೋ?" ಅಂದ. ಒಂದೊಂದು ಮಾತಿಗೂ ಉಸರು ತಗೋತಿದ್ದ.

ನನಗ ತಡಿಯಾಕ ಆಗಲಿಲ್ಲ. "ಪೈಪಿನ ಸಲುವಾಗಿ" ಅಂದೆ. ಅವರಪ್ಪನ ಸುದ್ದಿ, ಶೆಡ್ಡಿನವರ ಸುದ್ದಿ ಎಲ್ಲಾ ಹೇಳಿದೆ. ಬ್ಯಾರೆ ಪೈಪಿದ್ರ ಎಲ್ಲಾರೂ ಹಚ್ಚಿಕೋತಿದ್ರು ಅಂತನೂ ಹೇಳಿದೆ.

ಅಂವ ಮ್ಯಾಲೆ ತೂಗಿದ್ದ ಬಾಟಲಿ ನೋಡಿದ. "ಕಲಾದಗಿ ದಾಳಿಂಬರಿ ತೋಟದಾಗ ಹನಿ ಬಿಡೂ ಕರಿ ಪೈಪು ಇರತಾವಲ್ಲ, ಅದನ್ನ ಹಾಕಿದ್ರ ಆಗತಿತ್ತು" ಅಂದ. ಆಮ್ಯಾಲೆ ನನ್ನ ಕಡೆ ಹೊಳ್ಳಿದ.

"ನಿನಗ ಯಾವಾಗ ಹೇಳಿದ?"

"ಸಾಯೂ ಮುಂದ" ಅಂದೆ. "ಸಾಯೂ ಮುಂದ ಹೇಳಿದ."

ಮಿಸ್ತ್ರಿ ಗಾಲಿ ಮ್ಯಾಲಿನ ಹೆಬ್ಬಟ್ಟು ತಗದು ನನ್ನ ಕೈ ಹಿಡಕೊಂಡ. "ಆವಾಗ ಗೊತ್ತಾಗಿ ನೀನರ ಏನ ಮಾಡತಿದ್ದಿ. ಮನಸಿಗೆ ಹಚ್ಚಿಕೋಬ್ಯಾಡ" ಅಂದ. ಜಲಮದಾಗ ಅಂವ ಯಾರಿಗೂ ಸಮಾಧಾನ ಹೇಳಿದ್ದು ನಾ ಕಂಡಿರಲಿಲ್ಲ, ನನಗ ಹೇಳಿದ. ಎರಡು ದಿನಕ್ಕ ಹ್ವಾದ. ಅಂವ ಖರೆ ಅಂತ ತಿಳಕೊಂಡು ಹ್ವಾದದ್ದು ನನ್ನ ಸುಳ್ಳು.

ಅಂಗಡಿ ಖಾಲಿ ಮಾಡೂ ದಿನಾ ಅವನ ಹೆಂಡತಿ ಗ್ವಾಡಿಮ್ಯಾಲಿನ ಡಬ್ಬಿ ತಂದು, "ನಿಮ್ಮ ಗೆಳ್ಯಾಂದು, ನೆಪ್ಪಿಗೆ ಇರಲ್ರಿ ಅಣ್ಣಾರ" ಅಂತ ಕೊಟ್ಲು. ಅದರಾಗ ಒಂದು ಹಿಡಿ ಶೇಂಗಾ ಹಾಕಿದ್ಲು. ನಾ ತಿನ್ನಲಿಲ್ಲ, ಆದ್ರ ಒಂದು ಕೆಲಸಾ ಮಾಡಿದೆ. ಸಲಾಯಿನ್ ಪೈಪು ಕಿತ್ತು ಹಾಕಿ, ಗೊಬ್ಬರದಂಗಡಿಯಿಂದ ಒಂದು ಮೊಳ ಕರಿ ಪೈಪು, ಒಂದು ಸಣ್ಣ ನಳ ತಂದು ಕೂಡಿಸಿ, ಕೌಂಟರಿನ ಮ್ಯಾಲೆ ತೂಗ ಹಾಕಿದೆ. ಯಾಕ ಅಂತ ನನಗೂ ಗೊತ್ತಿಲ್ಲ.

ಹ್ವಾದ ವಾರ ಒಬ್ಬಾಂವ ಕೆಮ್ಮಿನ ಔಷಧಕ್ಕ ಬಂದ. ಮೂವತ್ತರ ಆಸುಪಾಸು, ರೆಪ್ಪಿ ಮ್ಯಾಲೆ ಬಿಳಿ ಧೂಳು. ಔಷಧ ಕೊಡೂತನಕಾ ಡಬ್ಬಿ ನೋಡಿದ. ಏನ್ರಿ ಇದು ಅಂದ. ಹೇಳಿದೆ. ಇಳಿಸಿ ಕೈಯಾಗ ತಗೊಂಡು ನಳ ತಿರುಗಿಸಿ ನೋಡಿದ. ಮಿಸ್ತ್ರಿ ಪದ್ಧತಿ ನೆಪ್ಪಾತು. "ಕೊಡಪಾ ಇತ್ಲಾಗ" ಅಂತ ಕೈ ಚಾಚಿದೆ. ಅಂವ ಕೊಡಲಿಲ್ಲ, ಡಬ್ಬಿ ಎದಿಗೆ ಹಿಡಕೊಂಡ ನಿಂತ.

"ಇಂಥಾವು ಎಲ್ಲಿ ಸಿಗತಾವ್ರಿ? ನಮ್ಮ ಶೆಡ್ಡಿನ್ಯಾಗ ಏಳು ಮಂದಿ ಅದೇವ್ರಿ."

ನಾ ಎದುರಿನ ಅಂಗಡಿ ನೋಡಿದೆ. ಮೊಬೈಲ್ ಕವರಿನ ಅಂಗಡಿ ಲೈಟು ಹತ್ತಿ ಆರಾಕತ್ತಿದ್ವು. ಮಾಡಾಂವ ಇಲ್ಲ, ಸತ್ತಾನ ಅಂತ ಹೇಳಬೇಕಿತ್ತು.

"ನಾಳೆ ಬಾರಪಾ" ಅಂದೆ.

ಅಂವ ಡಬ್ಬಿ ಹಗುರಕ ಕೌಂಟರಿನ ಮ್ಯಾಲಿಟ್ಟು ಹ್ವಾದ. ಮರುದಿನ ಮುಂಜಾನಿ ನಾ ಶೆಟರ್ ಎತ್ತಾಕ ಬಂದಾಗ ಕಟ್ಟಿಮ್ಯಾಲೆ ಕುಂತಿದ್ದ. ಕೆಲಸಾ ಬಿಟ್ಟು ಬಂದಿದ್ದ, ಜೋಡಿ ಇನ್ನಿಬ್ಬರನ್ನ ಕರಕೊಂಡು.